ಎರಡನೆಯ ಆಸನದ ಕಾಯಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮನೆಗಳಲ್ಲಿ ಮಕ್ಕಳ ವಿದ್ಯೆಯ ಮಾತು ಬಂದರೆ ಒಂದು ಕಾಲಕ್ಕೆ ವೈದ್ಯ, ಇಂಜಿನಿಯರ, ಶಾಲಾ ಮಾಸ್ತರ, ಸಕ್ಕರೆ ಕಾರ್ಖಾನೆಯ ನೌಕರಿ ಇಷ್ಟರಲ್ಲಿಯೇ ಮಾತು ಮುಗಿಯುತ್ತಿತ್ತು. ಇಂದಿನ ದಿನಮಾನಗಳಲ್ಲಿ ಆ ಸಾಲಿಗೆ ವಿಮಾನಚಾಲಕನ ಉದ್ಯೋಗವೂ ಬಂದು ಸೇರಿದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಸೀಮೆಯ ಒಂದು ಬದಿಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ಮತ್ತೊಂದು ಬದಿಗೆ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣ. ಕೊಲ್ಹಾಪುರದ ಸಂಜಯ ಘೋಡಾವತ್ ಉದ್ಯಮ ಸಮೂಹದ ಸ್ಟಾರ್ ಏರ್ ಸಂಸ್ಥೆ 2019ರ ಜನವರಿ 25ರಂದು ಬೆಂಗಳೂರು ಮತ್ತು ಹುಬ್ಬಳ್ಳಿಗಳ ನಡುವೆ ಹಾರಾಟ ಆರಂಭಿಸಿದ ಮೇಲೆ, ಬೆಳಗಾವಿಯಿಂದ ಏಳುವ ಐವತ್ತು ಆಸನಗಳ ಸಣ್ಣ ಜೆಟ್ ವಿಮಾನವು ಕಬ್ಬಿನ ಹೊಲದಲ್ಲಿ ನಿಂತವರಿಗೂ ಪರಿಚಿತವಾಯಿತು. ಮೇಲೆ ನೋಡಿದ ಹುಡುಗನು "ಅದನ್ನ ನಡೆಸವ ನಾನs ಆಗತೀನಿ" ಎಂದರೆ, ಇಲ್ಲವೆನ್ನಲು ಯಾವ ತಂದೆಗೆ ಮನಸ್ಸು ಬಂದೀತು?

ಮಗನಿಗೆ ಲೈಸೆನ್ಸು ದೊರೆತ ದಿನ ಊರಿನಲ್ಲಿ ಪೇಢೆ ಹಂಚುತ್ತಾರೆ. ಗುಡಿಯಲ್ಲಿ ಸತ್ಕಾರವಾಗುತ್ತದೆ. ಆದರೆ ಆ ದಿನಕ್ಕೂ ಅವನು ಕ್ಯಾಪ್ಟನ್ ಎನಿಸಿಕೊಳ್ಳುವ ದಿನಕ್ಕೂ ನಡುವೆ ದೀರ್ಘವಾದ ಒಂದು ಕಾಲವಿದೆ. ಅದನ್ನು ಕುರಿತು ಮನೆಯವರಿಗೆ ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ. ಈ ನಡುವಿನ ಕಾಲದಲ್ಲಿಯೇ ಅನೇಕ ತರುಣರ ಉತ್ಸಾಹ ಬಾಡುತ್ತದೆ, ಅನೇಕ ಮನೆಗಳ ನೆಮ್ಮದಿ ಕೆಡುತ್ತದೆ. ಆದುದರಿಂದ ಈ ಸಲ ಅದನ್ನೇ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ದಾರಿಯನ್ನು ಅರಿಯೋಣ. ನಮ್ಮ ದೇಶದಲ್ಲಿ ಕಮರ್ಶಿಯಲ್ ಪೈಲಟ್ ಲೈಸೆನ್ಸು ಪಡೆಯಲು ಹದಿನೆಂಟು ವಯಸ್ಸು ತುಂಬಿರಬೇಕು, 200 ಗಂಟೆಗಳ ಹಾರಾಟವಾಗಿರಬೇಕು, ಹವಾಮಾನ, ದಿಕ್ಕುಶೋಧನೆ, ವಿಮಾನ ನಿಯಮಗಳು ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು, ಕಟ್ಟುನಿಟ್ಟಿನ ವೈದ್ಯಕೀಯ ತಪಾಸಣೆಯಲ್ಲಿಯೂ ಗೆಲ್ಲಬೇಕು. ಬೆಂಗಳೂರಿನ ಜಕ್ಕೂರಿನ ಸರಕಾರಿ ಶಾಲೆ, ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಇಂದಿರಾ ಗಾಂಧಿ ರಾಷ್ಟ್ರೀಯ ಉಡ್ಡಯನ ಅಕಾಡೆಮಿ ಇವು ಹೆಸರಾಂತ ಸ್ಥಳಗಳು. ವೆಚ್ಚವಾದರೋ ಅರ್ಧ ಕೋಟಿಯ ಆಸುಪಾಸಿಗೆ ಹೋಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಇಂಥದೇ ಮಾದರಿಯ ವಿಮಾನವನ್ನು ನಡೆಸಬಲ್ಲನೆಂಬ ಅರ್ಹತೆಯನ್ನು ಬೇರೆಯಾಗಿ ಸಂಪಾದಿಸಬೇಕು. ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ಇದರ ಖರ್ಚೂ ಲಕ್ಷಗಟ್ಟಲೆ.

ಇಷ್ಟೆಲ್ಲ ಆದ ಬಳಿಕ ಸಂಸ್ಥೆಯೊಂದು ಕರೆದು ಕೆಲಸ ಕೊಟ್ಟರೆ ಅವನು ಕುಳಿತುಕೊಳ್ಳುವುದು ಬಲಗಡೆಯ ಆಸನದಲ್ಲಿ, ಫಸ್ಟ್ ಆಫೀಸರ್ ಎಂಬ ಹುದ್ದೆಯಲ್ಲಿ. ಎಡಗಡೆಯ ಆಸನ ಕ್ಯಾಪ್ಟನ್ನರದು. ಹೆಗಲ ಮೇಲೆ ನಾಲ್ಕು ಪಟ್ಟಿ ಬೀಳಬೇಕಾದರೆ ಇನ್ನೂ ಮೇಲಿನ ಲೈಸೆನ್ಸು ಬೇಕು. ಅದಕ್ಕೆ 1500 ಗಂಟೆಗಳ ಹಾರಾಟವಾಗಿರಬೇಕು, ಮತ್ತೆ ಪರೀಕ್ಷೆಗಳೂ ಇವೆ. ಸಂಸ್ಥೆಗಳು ತಮ್ಮ ನಿಯಮದಂತೆ ಇದಕ್ಕಿಂತಲೂ ಹೆಚ್ಚಿನ ಗಂಟೆಗಳನ್ನು ಕೇಳುವುದುಂಟು.

ಇಲ್ಲಿಯೇ ಪ್ರಾದೇಶಿಕ ವಿಮಾನ ಸಂಸ್ಥೆಯ ತರುಣನ ಕಷ್ಟ ಆರಂಭವಾಗುತ್ತದೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ಬರುವ ದೊಡ್ಡ ವಿಮಾನದ ಚಾಲಕನಿಗೆ ಎರಡೇ ಹಾರಾಟಗಳಲ್ಲಿ ಐದು ಗಂಟೆ ಮೀರಿದ ಲೆಕ್ಕ ದೊರೆಯುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು ಗಂಟೆಯ ಆಸುಪಾಸು. ನಾಲ್ಕು ಸಲ ಏರಿ ನಾಲ್ಕು ಸಲ ಇಳಿದರೂ ಲಾಗ್ ಬುಕ್ಕಿನಲ್ಲಿ ಬರೆಯುವುದು ನಾಲ್ಕೈದು ಗಂಟೆ ಮಾತ್ರ. ದೇಶದ ನಿಯಮದಂತೆ ಒಬ್ಬ ಚಾಲಕನು ವರ್ಷಕ್ಕೆ 1000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲ. ಸಣ್ಣ ಸಂಸ್ಥೆಯಲ್ಲಿ ಆ ಮಿತಿಯ ಸಮೀಪಕ್ಕೆ ಹೋಗುವುದೂ ದುರ್ಲಭ. ಒಂದು ಲೆಕ್ಕ ಹಾಕಿ ನೋಡಿರಿ: ವರ್ಷಕ್ಕೆ 650 ಗಂಟೆ ದೊರೆತರೆ ಉಳಿದ 1300 ಗಂಟೆಗಳು ಎರಡು ವರ್ಷಗಳಲ್ಲಿ ತುಂಬುತ್ತವೆ, 400 ಗಂಟೆ ಮಾತ್ರ ದೊರೆತರೆ ಮೂರು ವರ್ಷಗಳ ಮೇಲಾಗುತ್ತದೆ. ಹುಡುಗನ ಶ್ರಮ ಎರಡರಲ್ಲಿಯೂ ಅಷ್ಟೇ.

ಗಂಟೆಗಳು ಏಕೆ ಕಡಿಮೆಯಾಗುತ್ತವೆಂಬುದನ್ನೂ ಹೇಳಬೇಕು. ಸಣ್ಣ ಊರುಗಳಿಗೆ ವಿಮಾನ ಬರಲೆಂದು ಕೇಂದ್ರ ಸರಕಾರವು 2016ರಲ್ಲಿ ಉಡಾನ್ ಯೋಜನೆಯನ್ನು ಘೋಷಿಸಿತು. ಅದರ ಮೊದಲ ಹಾರಾಟ 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದಿಲ್ಲಿಗಳ ನಡುವೆ ನಡೆಯಿತು. ನಷ್ಟ ತುಂಬಿಕೊಡುವ ಈ ನೆರವು ಒಂದೊಂದು ಮಾರ್ಗಕ್ಕೆ ಮೂರು ವರ್ಷಗಳ ಅವಧಿಯದು. ಅವಧಿ ಮುಗಿದ ಮೇಲೆ ಪ್ರಯಾಣಿಕರು ಸಾಲದಿದ್ದರೆ ಮಾರ್ಗ ನಿಲ್ಲುತ್ತದೆ. ನಮ್ಮ ಬೀದರನ್ನೇ ನೋಡಿರಿ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಸಂಸ್ಥೆಯ ವಿಮಾನ ಅಲ್ಲಿಗೆ ಬಂದಿತು. ಆ ಸಂಸ್ಥೆ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಬಳಿಕ ಸ್ಟಾರ್ ಏರ್ ಬಂದಿತು. ಆ ಸೇವೆಯೂ ನಡುವೆ ನಿಂತು, 2025ರ ಏಪ್ರಿಲ್‌ನಲ್ಲಿ ಪುನಃ ಆರಂಭವಾಯಿತು. ಪ್ರಯಾಣಿಕನಿಗೆ ಇದು ಬಸ್ಸು ಹಿಡಿಯುವ ತೊಂದರೆಯಷ್ಟೇ. ಚಾಲಕನಿಗಾದರೋ ಒಂದೊಂದು ಮಾರ್ಗ ನಿಂತಾಗಲೂ ಎಡಗಡೆಯ ಆಸನ ಒಂದು ಹೆಜ್ಜೆ ದೂರ ಸರಿಯುತ್ತದೆ.

ಸಂಸ್ಥೆಯೇ ಮುಚ್ಚಿದರೆ ಕಷ್ಟ ಇನ್ನೂ ಹೆಚ್ಚು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಮೂಲಕ ಸಾಮಾನ್ಯ ಜನರನ್ನು ವಿಮಾನಕ್ಕೆ ಹತ್ತಿಸಿದರು. ಆ ಸಂಸ್ಥೆ ಕಿಂಗ್‌ಫಿಶರ್‌ನಲ್ಲಿ ಸೇರಿಹೋಯಿತು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಅದೇ ದಾರಿ ಹಿಡಿದವು. ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರಿದ ಚಾಲಕನು ಸಾಮಾನ್ಯವಾಗಿ ಅಲ್ಲಿಯ ಹಿರಿತನದ ಪಟ್ಟಿಯಲ್ಲಿ ಕೊನೆಯವನಾಗಿ ನಿಲ್ಲಬೇಕಾಗುತ್ತದೆ. ಹಾರಿದ ಗಂಟೆಗಳು ಜೊತೆಗೆ ಬರುತ್ತವೆ, ಸರದಿ ಮಾತ್ರ ಬರುವುದಿಲ್ಲ.

ಇದಾವುದೂ ತಿಳಿಯದ ಬಂಧುಗಳು ಮದುವೆಯ ಪಂಕ್ತಿಯಲ್ಲಿ ಕುಳಿತು ಕೇಳುವ ಪ್ರಶ್ನೆ ಒಂದೇ: "ಏನಪಾ ತಮ್ಮಾ, ಇನ್ನೂ ಕ್ಯಾಪ್ಟನ್ ಆಗಿಲ್ಲೇನು?" ಕೇಳುವವರಲ್ಲಿ ಕೆಡುಕಿಲ್ಲ. ಆದರೆ ಹೊಲವನ್ನು ಬ್ಯಾಂಕಿಗೆ ಒತ್ತೆಯಿಟ್ಟು ಕಲಿಸಿದ ತಂದೆ ಪಕ್ಕದಲ್ಲಿ ಕುಳಿತಿರುವಾಗ ಆ ಪ್ರಶ್ನೆ ಮಗನ ಎದೆಗೆ ನೆಟ್ಟಗೆ ತಾಗುತ್ತದೆ. ಕನ್ಯೆ ಕೊಡುವ ಬೀಗರು ಪಗಾರ ಕೇಳುತ್ತಾರೆ. ಸಣ್ಣ ವಿಮಾನದ ಫಸ್ಟ್ ಆಫೀಸರನ ಪಗಾರಕ್ಕೂ ದೊಡ್ಡ ವಿಮಾನದ ಕ್ಯಾಪ್ಟನ್ನನ ಪಗಾರಕ್ಕೂ ಇರುವ ಅಂತರ ಅವರಿಗೆ ತಿಳಿದಿರುವುದಿಲ್ಲ. ಮಗಳು ಈ ಉದ್ಯೋಗಕ್ಕೆ ಹೋಗಿದ್ದರಂತೂ ಮಾತು ಇನ್ನೂ ಕಠಿಣ. ಜಕ್ಕೂರಿನ ಶಾಲೆಯಲ್ಲಿಯೇ ಕಲಿತ ಉಷಾ ಸುಂದರಂ ಅವರು 1951ರಲ್ಲಿ ಪತಿಯ ಜೊತೆಗೂಡಿ ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ವಿಮಾನ ತಂದು ದಾಖಲೆ ಮಾಡಿದ್ದರೆಂಬುದನ್ನು ನಾವು ಮರೆತಿದ್ದೇವೆ.

ಪ್ರಶ್ನೆಗಳಿಂದ ಬೇಸತ್ತ ತರುಣನು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ. ಅವಸರದಿಂದ ಸಂಸ್ಥೆ ಬದಲಿಸಲು ಹೊರಡುತ್ತಾನೆ, ಇಲ್ಲವೆ ಮೌನಿಯಾಗುತ್ತಾನೆ. ಮೊದಲನೆಯದರಲ್ಲಿ ತೊಡಕುಗಳಿವೆ. ತರಬೇತಿಯ ಖರ್ಚಿಗಾಗಿ ಸಂಸ್ಥೆ ಬರೆಯಿಸಿಕೊಂಡ ಬಾಂಡು ಇರುತ್ತದೆ. ಅದಲ್ಲದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ಮಾಡಿದ ನಿಯಮವು ಕೆಲಸ ಬಿಡುವ ಸಹಚಾಲಕನು ಆರು ತಿಂಗಳ, ಕ್ಯಾಪ್ಟನ್ನನು ಒಂದು ವರ್ಷದ ಮುನ್ಸೂಚನೆ ಕೊಡಬೇಕೆಂದು ಹೇಳಿತು. ಎರಡನೆಯದಾದ ಮೌನವು ಇದಕ್ಕಿಂತಲೂ ಅಪಾಯಕರವಾದುದು. ಅದರ ಕಾರಣವನ್ನು ಕನ್ನಡ ನಾಡಿನಲ್ಲಿಯೇ ನಡೆದ ಒಂದು ದುರಂತದಿಂದ ತಿಳಿಯಬಹುದು.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ಮರಣ ಹೊಂದಿದರು, ಎಂಟು ಜನ ಮಾತ್ರ ಉಳಿದರು. ಬಳಿಕ ನಡೆದ ವಿಚಾರಣೆಯಲ್ಲಿ ಹೊರಬಂದ ಸಂಗತಿ ಮನ ಕಲಕುವಂಥದು. ಇಳಿಯುವ ರೀತಿ ಸರಿಯಾಗಿರಲಿಲ್ಲ. ಬಲಗಡೆಯ ಆಸನದಲ್ಲಿದ್ದ ಫಸ್ಟ್ ಆಫೀಸರ್ ಅದನ್ನು ಗುರುತಿಸಿ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಮೂರು ಸಲ ಹೇಳಿದ್ದನು. ಯಂತ್ರವೂ ಎಚ್ಚರಿಸಿತ್ತು. ಆದರೂ ಕ್ಯಾಪ್ಟನ್ ಇಳಿಯುವುದನ್ನು ಮುಂದುವರಿಸಿದ್ದರು.

ಎರಡನೆಯ ಆಸನವೆಂದರೆ ಎಂಥದೆಂಬುದನ್ನು ಬಂಧುಗಳು ಈ ಘಟನೆಯಿಂದ ಅರಿಯಬೇಕು. ಅಲ್ಲಿ ಕುಳಿತವನು ಸರದಿಗಾಗಿ ಕಾಯುವ ಉಮೇದುವಾರನಲ್ಲ. ಹಿರಿಯನ ಕಣ್ಣು ತಪ್ಪಿದಲ್ಲಿ ಕಾಣುವ ಇನ್ನೊಂದು ಕಣ್ಣು ಅವನು. ಹಿರಿಯನಿಗೆ ಎದುರಾಗಿ "ಇದು ಬೇಡ, ಮೇಲೇರೋಣ" ಎಂದು ಗಟ್ಟಿಯಾಗಿ ಹೇಳುವ ಧೈರ್ಯವೇ ಅವನ ಮುಖ್ಯ ಕೆಲಸ. ತಾನು ಕಡಿಮೆಯವನು, ಬಡ್ತಿ ಕಾಣದವನು, ಮನೆಗೆ ಭಾರವಾದವನು ಎಂದು ದಿನವೂ ಕೇಳಿಸಿಕೊಂಡವನಲ್ಲಿ ಆ ಧೈರ್ಯ ಎಲ್ಲಿಂದ ಬರಬೇಕು? ಬಡ್ತಿಗೆ ಅಡ್ಡಿಯಾದೀತೆಂದು ಕ್ಯಾಪ್ಟನ್ನರಿಗೆ ಎದುರು ಮಾತನಾಡದೆ ಉಳಿಯುವನು. ಗಂಟೆ ಕಳೆದೀತೆಂದು ದಣಿವನ್ನು ಹೇಳದೆ ಉಳಿಯುವನು. ಲೈಸೆನ್ಸು ಹೋದೀತೆಂದು ದೇಹದ, ಮನಸ್ಸಿನ ಬೇನೆಯನ್ನು ಮುಚ್ಚಿಡುವನು. ಅವನ ಹಿಂದೆ ಐವತ್ತೋ ಎಪ್ಪತ್ತಾರೋ ಜನ ನಂಬಿ ಕುಳಿತಿರುತ್ತಾರೆ. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಮಠದಲ್ಲಿ ಕೇಳಿ ಬರುವ ನಾವು ಮನೆಯ ಮಗನ ಆಸನವನ್ನು ಎಡ ಬಲ ಎಂದು ಅಳೆಯುವುದು ತರವಲ್ಲ.

ಹಾಗೆಂದು ಬಡ್ತಿಯ ಆಸೆ ಬಿಡಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಭಾಗದ ರೈತರಿಗೆ ಅಡಸಾಲಿ ಕಬ್ಬಿನ ಗುಣ ಗೊತ್ತಿದೆ. ಮಳೆಗಾಲದಲ್ಲಿ ನಾಟಿ ಮಾಡಿದ ಅಡಸಾಲಿ ಹೊಲದಲ್ಲಿ ಹದಿನಾರು ಹದಿನೆಂಟು ತಿಂಗಳು ನಿಲ್ಲುತ್ತದೆ. ಪಕ್ಕದ ಹೊಲದ ಕಬ್ಬು ಕಾರ್ಖಾನೆಗೆ ಹೋದಾಗ ಇದು ಇನ್ನೂ ನಿಂತೇ ಇರುತ್ತದೆ. ಅದನ್ನು ಕಂಡು ಯಾವ ರೈತನೂ ಬೆಳೆ ಕೆಟ್ಟಿತೆಂದು ಅಳುವುದಿಲ್ಲ. ಆದರೆ ಆ ಅವಧಿಯಲ್ಲಿ ನೀರು, ಗೊಬ್ಬರ, ಕಳೆ ತೆಗೆಯುವ ಕೆಲಸವನ್ನೂ ನಿಲ್ಲಿಸುವುದಿಲ್ಲ. ಸಣ್ಣ ವಿಮಾನದ ಚಾಲಕನ ಕಾಲವೂ ಅಂಥದೇ. ಗಂಟೆಗಳು ಕಡಿಮೆಯಾದರೂ ಏರಿಳಿತಗಳ ಸಂಖ್ಯೆ ಹೆಚ್ಚು. ಆಷಾಢದ ಮೋಡ ಕವಿದ ಬೆಳಗಾವಿಯಲ್ಲಿ ಇಳಿಯುವುದನ್ನು ಕಲಿತವನ ಕೈಗೆ ಬರುವ ಹದವು ಗಂಟೆಗಳ ಲೆಕ್ಕದಲ್ಲಿ ಮಾತ್ರ ಕಾಣುವಂಥದಲ್ಲ.

ಆದುದರಿಂದ ತರುಣರಿಗೆ ಕೆಲವು ಸೂಚನೆಗಳು. ಮೇಲಿನ ಲೈಸೆನ್ಸಿನ ಲಿಖಿತ ಪರೀಕ್ಷೆಗಳನ್ನು ಗಂಟೆ ತುಂಬುವವರೆಗೆ ಕಾಯದೆ ಮುಗಿಸಿಕೊಳ್ಳಿರಿ. ಹೊರಗಿನಿಂದಲಾದರೂ ಒಂದು ಪದವಿ ಪಡೆಯಿರಿ. ಸಂಸ್ಥೆ ಮುಚ್ಚಿದ ದಿನ ಅದು ಆಸರೆಯಾದೀತು. ಬಾಂಡಿಗೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿರಿ. ಹಣವೆಷ್ಟು, ಎಷ್ಟು ವರ್ಷ, ಕೆಲಸ ಮಾಡಿದಂತೆ ಆ ಹಣ ಕಡಿಮೆಯಾಗುತ್ತದೆಯೆ, ಸಂಸ್ಥೆಯೇ ಹಾರಾಟ ನಿಲ್ಲಿಸಿದರೆ ಏನು ಎಂಬುದನ್ನು ಬರಹದಲ್ಲಿ ನೋಡಿಕೊಳ್ಳಿರಿ. ಆರೋಗ್ಯದ ಕಾರಣದಿಂದ ಲೈಸೆನ್ಸು ಹೋದರೆ ನೆರವಾಗುವ ವಿಮೆಯೂ ಇದೆ, ಅದನ್ನು ವಿಚಾರಿಸಿರಿ. ದಣಿದಾಗ ದಣಿದಿದ್ದೇನೆಂದು ಹೇಳಿರಿ. 2025ರ ಜುಲೈಯಲ್ಲಿ ಜಾರಿಗೆ ಬಂದ ನಿಯಮವು ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ.

ಹಿರಿಯರಿಗೂ ಒಂದೆರಡು ಮಾತು. ಇರುವ ಹೊಲವನ್ನೆಲ್ಲ ಒಬ್ಬ ಮಗನ ಲೈಸೆನ್ಸಿಗೆ ಒತ್ತೆಯಿಡಬೇಡಿರಿ. ಸಾಲದ ಲೆಕ್ಕ ಹಾಕುವಾಗ ಲೈಸೆನ್ಸು ಸಿಕ್ಕ ಮೇಲೆ ಕೆಲಸಕ್ಕಾಗಿ ಕಾಯಬೇಕಾದ ಒಂದೆರಡು ವರ್ಷಗಳನ್ನೂ ಅದರಲ್ಲಿ ಸೇರಿಸಿರಿ. ಕಂತಿನ ಮಾತನ್ನು ಅವನ ಹಾರಾಟದ ಹಿಂದಿನ ರಾತ್ರಿ ಫೋನಿನಲ್ಲಿ ಆಡಬೇಡಿರಿ. ಬೀಗತನದ ಮಾತುಕತೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿರಿ. ನಾಳೆ ಕ್ಯಾಪ್ಟನ್ ಆಗುತ್ತಾನೆಂಬ ಭರವಸೆಯ ಮೇಲೆ ಸಂಬಂಧ ಕೂಡಿಸಿದರೆ ಆ ಭಾರವನ್ನೂ ಅವನೇ ಹೊರಬೇಕಾಗುತ್ತದೆ. ಮಗನೋ ಮಗಳೋ ರಜೆಗೆ ಮನೆಗೆ ಬಂದಾಗ ಪಟ್ಟಿ ಎಷ್ಟಾದವೆಂದು ಕೇಳದೆ, ನಿದ್ದೆ ಆಯಿತೇ ಎಂದು ಕೇಳಿರಿ. ಅವರು ಹೇಳಬಯಸಿದ್ದನ್ನು ಹೇಳಲು ಬಿಡಿರಿ. ಮನೆಯಲ್ಲಿ ನಿರ್ಭಯವಾಗಿ ಮಾತನಾಡಲು ಕಲಿತವರು ವಿಮಾನದಲ್ಲಿಯೂ ಹಿರಿಯರೆದುರು ನಿರ್ಭಯವಾಗಿ ಮಾತನಾಡುವರು. ನಾಲ್ಕನೆಯ ಪಟ್ಟಿ ಎಂದು ಬಂದರೂ, ಅಂಥವರ ಹೆಗಲ ಮೇಲೆಯೇ ಅದು ಶೋಭಿಸುವುದೆಂದು ನಮ್ಮ ನಂಬಿಕೆ.