‘ಸರ್ವರ್ ಬ್ಯುಸಿ’ ಎಂದರೆ ಮುಗಿಯಿತೇ?

2023ರ ಜೂನ್ 18ರಂದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನೋಂದಣಿ ಶುರುವಾದಾಗ ಸೇವಾ ಸಿಂಧು ಜಾಲತಾಣ ಒತ್ತಡಕ್ಕೆ ತತ್ತರಿಸಿತು. ಪುತ್ತೂರು, ಸುಳ್ಯ, ಕಡಬದವರಿಗೂ ‘ಸರ್ವರ್ ಬ್ಯುಸಿ’ ಹೊಸ ಮಾತೇನಲ್ಲ.

ಇಂಥ ಕುಸಿತಕ್ಕೆ ಕಾರಣಗಳು ಹಲವು. ಕಾಸು ಖರ್ಚಿಲ್ಲದೆ ಸರಿಪಡಿಸಬಹುದಾದದ್ದೂ ಒಂದಿದೆ. ಲಿನಕ್ಸ್‌ನಲ್ಲಿ ತೆರೆದ ಕಡತವಷ್ಟೇ ಅಲ್ಲ, ಪ್ರತಿಯೊಂದು ಜಾಲ ಸಂಪರ್ಕವೂ ಕಡತದ ಲೆಕ್ಕಕ್ಕೇ ಸೇರುತ್ತದೆ. ಒಂದು ಪ್ರೋಗ್ರಾಂಗೆ ಸಾಮಾನ್ಯ ಮಿತಿ 1024. ಅದು ಮುಗಿದರೆ, ಮೆಮೊರಿ ಎಷ್ಟೇ ಖಾಲಿ ಇರಲಿ, ಹೊಸಬರಿಗೆ ಪ್ರವೇಶವಿಲ್ಲ.

‘ಯುಲಿಮಿಟ್ -ಎನ್’ ಎಂದು ಟೈಪಿಸಿದರೆ ಮಿತಿ ಕಾಣುತ್ತದೆ. ಆದರೆ ಅದು ಆ ಶೆಲ್‌ನದ್ದು. ಓಡುತ್ತಿರುವ ಸರ್ವರ್‌ನದ್ದು ‘ಪ್ರಾಕ್’ ಒಳಗೆ ಅದರ ಪ್ರೋಸೆಸ್ ಸಂಖ್ಯೆಯ ಕೋಶದಲ್ಲಿರುವ ‘ಲಿಮಿಟ್ಸ್’ ಕಡತದಲ್ಲಿದೆ. ಹಲವರು ‘ಲಿಮಿಟ್ಸ್.ಕಾನ್ಫ್’ ತಿದ್ದಿ ನಿರಾಳರಾಗುತ್ತಾರೆ. ಲಿನಕ್ಸ್‌ನ ಸೇವಾ ನಿರ್ವಾಹಕ ಸಿಸ್ಟಮ್‌ಡಿ ನಡೆಸುವ ಸೇವೆಗಳಿಗೆ ಅದು ತಟ್ಟುವುದೇ ಇಲ್ಲ! ಆ ಸೇವೆಯ ಸಂರಚನಾ ಕಡತದಲ್ಲಿ ‘ಲಿಮಿಟ್‌ನೋಫೈಲ್’ ಬರೆದು ಸೇವೆಯನ್ನು ಮತ್ತೆ ಚಾಲೂ ಮಾಡಬೇಕು.

ಹಾಗೆಂದು ಕಣ್ಣುಮುಚ್ಚಿ ಲಕ್ಷಕ್ಕೇರಿಸುವುದೂ ಸರಿಯಲ್ಲ. ತೆರೆದದ್ದನ್ನು ಮುಚ್ಚಲು ಮರೆಯುವ ಪ್ರೋಗ್ರಾಂ ಎಷ್ಟು ಕೊಟ್ಟರೂ ನುಂಗುತ್ತದೆ. ‘ಸೆಲೆಕ್ಟ್’ ಎಂಬ ಹಳೆಯ ಸಿಸ್ಟಮ್ ಕರೆಯನ್ನು ನೆಚ್ಚಿಕೊಂಡ ಪ್ರೋಗ್ರಾಂಗಳಂತೂ 1024 ದಾಟಿದರೆ ಎಡವುತ್ತವೆ. ಸಾಮಾನ್ಯ ಮಿತಿ ಇಂದಿಗೂ 1024ರಲ್ಲೇ ನಿಂತಿರುವುದು ಅದಕ್ಕೇ.

ಪುತ್ತೂರು, ಸುಳ್ಯ ಎರಡರಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಲ್ಯಾಬ್‌ನಲ್ಲಿ ಮಿತಿಯನ್ನು 20ಕ್ಕೆ ಇಳಿಸಿ, ಸರ್ವರ್ ಹೇಗೆ ಕೈಚೆಲ್ಲುತ್ತದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಮಧ್ಯಾಹ್ನ ಸಾಕು.