ವೀಸಾ ರಿಜೆಕ್ಟ್ ಆಯ್ತಾ? ಲಾಯರ್‌ಗೆ ದುಡ್ಡು ಕೊಡೋ ಮುಂಚೆ ಚೀಟಿ ಓದಿ

ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೊರಟವರಿಗೆ ವೀಸಾ ಸಿಗಲಿಲ್ಲ ಅಂದ್ರೆ ಸಾಕು, 'ವೇವರ್ ಮಾಡಿಸಿಕೊಡ್ತೀವಿ' ಅನ್ನೋರು ಹುಟ್ಟಿಕೊಳ್ತಾರೆ. ಮೊದಲು ರಿಜೆಕ್ಷನ್ ಚೀಟಿಯಲ್ಲಿ ಯಾವ ಸೆಕ್ಷನ್ ಇದೆ ನೋಡಿ. 214(ಬಿ) ಇದ್ದರೆ ಅದಕ್ಕೆ ವೇವರ್ ಅನ್ನೋದೇ ಇಲ್ಲ. ಮತ್ತೆ ಅರ್ಜಿ ಹಾಕಬೇಕು, ಅಷ್ಟೇ. ವೇವರ್ ಹೆಸರಲ್ಲಿ ಕೊಟ್ಟ ಫೀಸು ದಂಡ.

212(ಎ)(6)(ಸಿ) ಇದ್ದರೆ ಮಾತೇ ಬೇರೆ. ನಕಲಿ ಮಾರ್ಕ್ಸ್ ಕಾರ್ಡ್, ಸುಳ್ಳು ಬ್ಯಾಂಕ್ ದಾಖಲೆ ಕೊಟ್ಟವರ ಮೇಲೆ ಬೀಳುವ ಇದು ಜೀವನಪೂರ್ತಿ ನಿರ್ಬಂಧ. ಇಲ್ಲಿ 212(ಡಿ)(3) ವೇವರ್ ಕೇಳಬಹುದು. ಕಾನ್ಸುಲರ್ ಅಧಿಕಾರಿ ಶಿಫಾರಸು ಮಾಡಬೇಕು, ಒಪ್ಪಿಗೆ ಕೊಡೋದು ಅಮೆರಿಕದ ಗಡಿ ಇಲಾಖೆ. ಒಳಗೆ ಬಿಟ್ಟರೆ ಸಮಾಜಕ್ಕೆ ಅಪಾಯವೇ, ಹಿಂದಿನ ತಪ್ಪು ಎಷ್ಟು ದೊಡ್ಡದು, ಹೋಗುವ ಕಾರಣವೇನು: 1978ರ ಹ್ರಾಂಕಾ ತೀರ್ಪು ಕೊಟ್ಟ ಅಳತೆಗೋಲು ಈ ಮೂರು. ಇವಕ್ಕೆ ದಾಖಲೆ ಸಮೇತ ಉತ್ತರ ಬರೆಯೋಕೆ, ಆ ಸೆಕ್ಷನ್ ಹಾಕಿದ್ದೇ ಸರಿಯಾ ಅಂತ ಪ್ರಶ್ನಿಸೋಕೆ ಲಾಯರ್ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಆದರೆ ಕನ್ಸಲ್ಟೆನ್ಸಿಯವರು ಲಾಯರ್ ಅಲ್ಲ. ಅಮೆರಿಕದ ಯಾವ ರಾಜ್ಯದ ಲೈಸೆನ್ಸ್ ಇದೆ ಅಂತ ಕೇಳಿ, ಅಲ್ಲಿನ ಬಾರ್ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. 'ಗ್ಯಾರಂಟಿ' ಅಂದ್ರೆ ಎದ್ದು ಬನ್ನಿ. ನೆನಪಿರಲಿ, ನಿರ್ಬಂಧ ಬೀಳೋದು ಸುಳ್ಳು ಪೇಪರ್ ಮಾಡಿಕೊಟ್ಟ ಏಜೆಂಟ್ ಮೇಲಲ್ಲ, ಅರ್ಜಿಗೆ ಸಹಿ ಹಾಕಿದ ನಿಮ್ಮ ಮೇಲೆ.