ಸತ್ತ ರಬ್ಬರನ್ನು ಸೋಲಿಸಿ ಬೀಗಬೇಡಿ

ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಸೆಕೆಂಡ್ ಹ್ಯಾಂಡ್ ಗಾಲ್ಫ್ ಜಿಟಿಐ ಅಥವಾ ಸುಬಾರು ಡಬ್ಲ್ಯುಆರ್‌ಎಕ್ಸ್ ಕೊಂಡ ನಮ್ಮ ಹುಡುಗರಿಗೆ ಬೇಗನೇ ಒಂದು ಹುಚ್ಚು ಹಿಡಿಯುತ್ತದೆ. ಎಂಜಿನ್ ಮೌಂಟಿನ ರಬ್ಬರ್ ಬುಷ್ ಕಿತ್ತು ಪಾಲಿಯುರೆಥೇನ್ ಹಾಕಿಸೋದು. ಹಾಕಿಸಿದ ಮೇಲೆ 'ಗಾಡಿ ಬೇರೇನೇ ಆಗೋಯ್ತು' ಅಂತಾರೆ. ಆಗಿರುತ್ತೆ, ಸುಳ್ಳಲ್ಲ. ಆದರೆ ನೀವು ಹೊಸ ಪಾಲಿಯನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ? ಹತ್ತು ಹನ್ನೆರಡು ವರ್ಷ ದುಡಿದು ಸತ್ತ ರಬ್ಬರಿಗೆ. ಮುದುಕನ ಜೊತೆ ಓಡಿ ಗೆದ್ದು ಪದಕ ಕೇಳಿದ ಹಾಗಾಯ್ತು.

ಮೌಂಟಿಗೆ ಒಂದಕ್ಕೊಂದು ಆಗದ ಎರಡು ಕೆಲಸ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಿರುಚಿಕೊಳ್ಳದಂತೆ ಬಿಗಿಯಾಗಿ ಹಿಡಿಯಬೇಕು. ಅದೇ ಹೊತ್ತಿಗೆ ಅದರ ನಡುಕ ಸೀಟಿನವರೆಗೆ ಬರದಂತೆ ಮೆತ್ತಗೂ ಇರಬೇಕು. ಸಿಗ್ನಲ್ಲಿನಲ್ಲಿ ನಿಂತ 4 ಸಿಲಿಂಡರ್ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಹೊಡೆತ. ಇದನ್ನು ನುಂಗೋದಕ್ಕೇ ರಬ್ಬರು. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ, 'ಫ್ಲೋಟಿಂಗ್ ಪವರ್' ಅಂತ ಹೆಸರಿಟ್ಟು ಮಾರಿತು. ಇವತ್ತಿನ ಎಷ್ಟೋ ಕಾರುಗಳ ಮೌಂಟಿನೊಳಗೆ ದ್ರವವೂ ಇರುತ್ತದೆ: ದೊಡ್ಡ ಅಲುಗಾಟಕ್ಕೆ ತಡೆ, ಸಣ್ಣ ನಡುಕಕ್ಕೆ ಮೆತ್ತೆ. ಇಷ್ಟು ತಲೆ ಓಡಿಸಿ ಮಾಡಿದ್ದನ್ನು ಕಿತ್ತು ಒಂದು ಗಟ್ಟಿ ತುಂಡು ಇಟ್ಟು 'ಅಪ್‌ಗ್ರೇಡ್' ಅಂದರೆ ಹೇಗ್ರೀ?

ರಬ್ಬರು ಶಾಶ್ವತ ಅಂತ ನಾನು ಹೇಳುತ್ತಿಲ್ಲ. ಬಿಸಿಗೆ, ಆಯಿಲಿಗೆ ಅದು ಬಿರುಕು ಬಿಡುತ್ತದೆ, ಒಳಗಿನ ದ್ರವ ಸೋರುತ್ತದೆ. ಆಗ ಗೇರ್ ಬದಲಿಸಿದಾಗ ಧಡಕ್ ಅನ್ನುತ್ತದೆ. ಸಿಡ್ನಿಯವರಿಗೆ 5 ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಪಿಂಕ್ ಸ್ಲಿಪ್ ತಪಾಸಣೆಯಾದರೂ ಇದೆ. ಮೆಲ್ಬರ್ನಿನಲ್ಲಿ ಸಾಮಾನ್ಯವಾಗಿ ಮಾರುವಾಗ ಮಾತ್ರ ರೋಡ್‌ವರ್ದಿ. ನಡುವೆ ವರ್ಷಗಟ್ಟಲೆ ಯಾರೂ ಕೆಳಗೆ ಬಗ್ಗಿ ನೋಡದೇ ಹೋಗಬಹುದು. ಸತ್ತದ್ದನ್ನು ಬದಲಿಸಬೇಕು, ಸರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳೋದು ಯಾಕೆ?

ಪಾಲಿ ಕೆಟ್ಟ ಮಾಲು ಅನ್ನೋದೂ ನನ್ನ ವಾದವಲ್ಲ. ಸೂಪರ್‌ಪ್ರೊ, ನೋಲಥೇನ್ ಇವೆಲ್ಲ ಆಸ್ಟ್ರೇಲಿಯಾದವೇ, ಹೆಸರು ಮಾಡಿದವು. ವಾರಾಂತ್ಯಕ್ಕೆ ಸಿಡ್ನಿ ಮೋಟರ್‌ಸ್ಪೋರ್ಟ್ ಪಾರ್ಕಿಗೋ ಸ್ಯಾಂಡೌನಿಗೋ ಹೋಗುವವರಿಗೆ ಲಾಭವಿದೆ: ಚಕ್ರ ಕುಣಿಯೋದು ಕಡಿಮೆ, ಗೇರ್ ಚುರುಕು. ರೇಸಿನವರು ಇನ್ನೂ ಮುಂದೆ ಹೋದರು. 1967ರ ಲೋಟಸ್ 49ರಲ್ಲಿ ಎಂಜಿನ್ನನ್ನು ನೇರ ಚಾಸಿಗೇ ಬೋಲ್ಟ್ ಮಾಡಿದ್ದರು. ಎಂಜಿನ್ನೇ ಗಾಡಿಯ ಬೆನ್ನುಮೂಳೆ. ಆದರೆ ಜಿಮ್ ಕ್ಲಾರ್ಕ್ ಅದನ್ನು ಓಡಿಸಿಕೊಂಡು ಪರಮಟ್ಟಾ ರೋಡಿನ ಟ್ರಾಫಿಕ್ಕಿನಲ್ಲಿ ಆಫೀಸಿಗೆ ಹೋಗಬೇಕಿರಲಿಲ್ಲ. ಒಂದು ಮಾತು ನೆನಪಿರಲಿ: ಬುಷ್ ಬದಲಿಸಿದರೆ ಎಂಜಿನ್ನಿನಲ್ಲಿ ಅರ್ಧ ಕುದುರೆಯೂ ಹೆಚ್ಚಾಗುವುದಿಲ್ಲ. ನಡುಗುವ ಸ್ಟೀರಿಂಗ್, ಕಿರುಗುಟ್ಟುವ ಡ್ಯಾಶ್‌ಬೋರ್ಡನ್ನೇ ನಾವು ಶಕ್ತಿ ಅಂದುಕೊಳ್ಳುತ್ತೇವೆ.

ಹಾಗಾದರೆ ಏನು ಮಾಡೋದು? ಮೊದಲು ಮೌಂಟು ನಿಜಕ್ಕೂ ಹೋಗಿದೆಯಾ ನೋಡಿಸಿ. ಹೋಗಿದ್ದರೆ ಕಂಪನಿಯದೇ ಹೊಸದು ಹಾಕಿಸಿ, ಒಂದು ತಿಂಗಳು ಓಡಿಸಿ. ನಿಮ್ಮಲ್ಲಿ ಮುಕ್ಕಾಲು ಜನಕ್ಕೆ ಅಲ್ಲಿಗೇ ಆಸೆ ತೀರುತ್ತದೆ ಅನ್ನೋದು ನನ್ನ ನಂಬಿಕೆ. ತೀರದಿದ್ದರೆ ಎಂಜಿನ್ನಿನ ಭಾರ ಹೊರುವ ಮೌಂಟುಗಳನ್ನು ಮುಟ್ಟಬೇಡಿ. ತಿರುಚು ತಡೆಯುವ ಒಂದನ್ನು ಮಾತ್ರ ಸ್ವಲ್ಪ ಬಿಗಿ ಮಾಡಿಸಿ. ಗಾಲ್ಫಿನಲ್ಲಿ ಅದು ಕೆಳಗಿನ ಡಾಗ್‌ಬೋನ್, ಸುಬಾರುವಿನಲ್ಲಿ ಮೇಲಿನ ಪಿಚ್ ಸ್ಟಾಪರ್. ಅಲ್ಲೂ ಸಿಗುವುದರಲ್ಲಿ ಅತಿ ಮೆತ್ತನೆಯದನ್ನೇ ಆರಿಸಿ.

ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಟ್ರ್ಯಾಕಿಗೆ ಬೇರೆ, ಮನೆಗೆ ಬೇರೆ ಅಂತ ಎರಡೆರಡು ಕಾರಿಲ್ಲ. ಮಗುವನ್ನು ಚೈಲ್ಡ್‌ಕೇರಿಗೆ ಬಿಡೋದೂ ಇದೇ ಗಾಡಿ. ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹ್ಯೂಮ್ ಹೈವೇಯಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ, 900 ಕಿಲೋಮೀಟರಿಗೆ ಹತ್ತಿರದ ದಾರಿ ಹೋಗೋದೂ ಇದೇ ಗಾಡಿ. ಹಿಂದಿನ ಸೀಟಿನಲ್ಲಿ ಗುಂಯ್‌ಗುಡುವ ಆ ಒಂಬತ್ತು ಗಂಟೆಯನ್ನು ಅವರು ಬಾಯಿಬಿಟ್ಟು ದೂರುವುದಿಲ್ಲ. 'ಕಾರು ಚೆನ್ನಾಗಿದೆ ಕಣೋ' ಅಂತಲೇ ಅಂತಾರೆ. ಅದನ್ನು ಸರ್ಟಿಫಿಕೇಟ್ ಅಂದುಕೊಳ್ಳಬೇಡಿ.